ಟವಲು ಹಾಕಿದ ಸೀಟು

ಬಸ್ಸು ನಿಲ್ದಾಣಕ್ಕೆ ಬಂದು ಇನ್ನೂ ಪೂರ್ತಿ ನಿಂತಿರುವುದಿಲ್ಲ. ಅಷ್ಟರಲ್ಲೇ ಕಿಟಕಿಗಳಿಂದ ಟವಲುಗಳು ಹಾರಿ ಸೀಟುಗಳ ಮೇಲೆ ಬೀಳುತ್ತವೆ. ಟವಲು ಇಲ್ಲದವರು ಕರ್ಚೀಫು, ಅದೂ ಇಲ್ಲದವರು ಅಂದಿನ ದಿನಪತ್ರಿಕೆ ಎಸೆಯುತ್ತಾರೆ. ಕೈಯಲ್ಲಿ ಏನೂ ಇಲ್ಲದ ಧೀರರೊಬ್ಬರು ತಮ್ಮ ಮಗುವನ್ನೇ ಕಿಟಕಿಯಿಂದ ಒಳಕ್ಕೆ ಇಳಿಬಿಟ್ಟು ಜಾಗ ಹಿಡಿದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಮ್ಮ ನಾಡಿನಲ್ಲಿ ಟವಲಿಗೆ ಇರುವ ಗೌರವ ಛಾಪಾ ಕಾಗದಕ್ಕೂ ಇಲ್ಲ. ಅದು ಬಿದ್ದ ಸೀಟಿನಲ್ಲಿ ಕೂರಲು ಯಾರಿಗೂ ಧೈರ್ಯ ಬಾರದು. ಮುದುಕರು ಕಂಬ ಹಿಡಿದು ನಿಂತಿರುತ್ತಾರೆ; ಟವಲು ಸುಖವಾಗಿ ಕುಳಿತಿರುತ್ತದೆ. ಅದರ ಧಣಿ ಕೆಳಗೆ ಕಾಫಿ ಕುಡಿಯುತ್ತಿರಬಹುದು. ಅಥವಾ ಹಿಂದಿನ ಬಸ್ಸು ಎಕ್ಸ್‌ಪ್ರೆಸ್ಸೆಂದು ಕೇಳಿ, ಅದರಲ್ಲೂ ಒಂದು ಕರ್ಚೀಫು ಹಾಕಿ ಬರಲು ಹೋಗಿರಬಹುದು.

ಈ ಎರಡನೆಯ ಬಗೆಯ ಪ್ರಯಾಣಿಕರ ವಿಚಾರವಾಗಿ ನಾಲ್ಕು ಮಾತು ಬರೆಯಬೇಕೆಂದಿದ್ದೇನೆ. ಬರೆಯುವ ಅಧಿಕಾರ ನಿನಗೇನಿದೆ ಎಂದು ಓದುಗರು ಕೇಳುವುದು ಬೇಡ. ನಾನೂ ಒಮ್ಮೆ ಅವರಲ್ಲಿ ಒಬ್ಬನಾಗಿದ್ದೆ. ಅದನ್ನು ನಾನು ಬಹಳ ಕಾಲ ಯಾರಿಗೂ ಹೇಳಿರಲಿಲ್ಲ. ಹೇಳುವ ಹಾಗೆ ಮಾಡಿದವಳು ನನ್ನ ಅಕ್ಕನ ಮಗಳು ಪುಟ್ಟಿ.

ಪುಟ್ಟಿ ಎಂಬುದು ಮನೆಯಲ್ಲಿ ಕರೆಯುವ ಹೆಸರು. ವಯಸ್ಸು ಆಗ ಇಪ್ಪತ್ತಮೂರು, ಎಂ.ಎಸ್‌ಸಿ. ಮುಗಿಸಿದ್ದಳು. ಹೂವಿಗೂ ಜೇನ್ನೊಣಕ್ಕೂ ನಡುವೆ ನಡೆಯುವ ಕೊಡುಕೊಳ್ಳುವಿಕೆ ಅವಳ ವಿಷಯ. ಅದರಲ್ಲಿ ಪಿಎಚ್.ಡಿ. ಮಾಡಬೇಕು, ಅದಕ್ಕೆ ಅಮೆರಿಕಕ್ಕೆ ಅರ್ಜಿ ಹಾಕುತ್ತೇನೆ ಎಂದು 2023ರ ದಸರಾ ಹೊತ್ತಿಗೆ ಹೇಳಿದಾಗ ನಾನು ಕನ್ನಡದ ಮೇಷ್ಟ್ರಿಗೆ ತಕ್ಕಂತೆ, “ಇದಕ್ಕೆ ಅಷ್ಟು ದೂರ ಹೋಗಬೇಕೇನಮ್ಮ? ನಮ್ಮ ಕವಿಗಳು ಸಾವಿರ ವರ್ಷದಿಂದ ಹೂವು ದುಂಬಿಗಳ ವಿಚಾರವನ್ನೇ ಬರೆದಿದ್ದಾರಲ್ಲ” ಎಂದೆ. “ಬರೆದಿದಾರೆ ಮಾಮ. ಆದರೆ ಅವರಲ್ಲಿ ಒಬ್ಬರೂ ದುಂಬಿ ಎಣಿಸಲಿಲ್ಲ” ಎಂದಳು. ಆಮೇಲೆ ನಾನು ಆ ವಿಷಯದಲ್ಲಿ ಬಾಯಿ ಹಾಕಲಿಲ್ಲ.

ಅಮೆರಿಕದ ಆರು ವಿಶ್ವವಿದ್ಯಾನಿಲಯಗಳು, ಇಲ್ಲಿಯದೊಂದು, ಒಟ್ಟು ಏಳು ಅರ್ಜಿ. ಇಲ್ಲಿಯದು ಎಂದರೆ ಭಾರತೀಯ ವಿಜ್ಞಾನ ಸಂಸ್ಥೆ. 1909ರಲ್ಲಿ ಹುಟ್ಟಿದ್ದು, ಹಳೆಯ ಬೆಂಗಳೂರಿನವರ ಬಾಯಲ್ಲಿ ಇವತ್ತಿಗೂ ಟಾಟಾ ಇನ್‌ಸ್ಟಿಟ್ಯೂಟು. ಅಲ್ಲಿಯ ಪರಿಸರ ವಿಜ್ಞಾನ ಕೇಂದ್ರದಲ್ಲಿ ಪುಟ್ಟಿಗೆ ಬೇಕಾದ ವಿದ್ಯೆ ಇದೆ. ಅಕ್ಕನ ಮನೆ ಮಲ್ಲೇಶ್ವರದ ಹದಿನೆಂಟನೆಯ ಕ್ರಾಸಿನ ಹತ್ತಿರ. ಟಾಟಾ ಇನ್‌ಸ್ಟಿಟ್ಯೂಟಿಗೆ ನಡೆದೇ ಹೋಗಬಹುದು. ಮಧ್ಯಾಹ್ನ ಊಟಕ್ಕೆ ಮನೆಗೆ ಬರಬಹುದು. ಆದ್ದರಿಂದ ಏಳರಲ್ಲಿ ಈ ಅರ್ಜಿಯೊಂದಕ್ಕೆ ಅಕ್ಕ ಗಣಪತಿಯ ಮುಂದೆ ತುಪ್ಪದ ದೀಪ ಹಚ್ಚಿದ್ದಳು. ಉಳಿದ ಆರನ್ನು ದೇವರ ಇಚ್ಛೆಗೆ ಬಿಟ್ಟಿದ್ದಳು.

ಆ ದೇಶದಲ್ಲಿ ಈ ಬಗೆಯ ವಿದ್ಯೆಗೆ ಸೇರುವ ಕ್ರಮ ನಮ್ಮ ಹಳೆಯ ಗುರುಕುಲದಂತೆಯೇ ಇದೆ. ಅರ್ಜಿ ಹಾಕುವುದಕ್ಕೆ ಮುಂಚೆಯೇ ತನಗೆ ಬೇಕಾದ ಪ್ರಾಧ್ಯಾಪಕರಿಗೆ ಬರೆದು, ‘ಬರುವ ವರ್ಷ ಶಿಷ್ಯರನ್ನು ತೆಗೆದುಕೊಳ್ಳುತ್ತೀರಾ?’ ಎಂದು ಕೇಳಬೇಕು. ಗುರು ಒಪ್ಪದೆ ವಿಭಾಗ ಒಪ್ಪುವುದು ಅಪರೂಪ. ಆಮೇಲೆ ಉದ್ದೇಶ ಪತ್ರ, ಮೂವರು ಅಧ್ಯಾಪಕರ ಶಿಫಾರಸು, ಇಂಗ್ಲಿಷಿನ ಪರೀಕ್ಷೆ. ಗುರುಕುಲಕ್ಕಿಂತ ಹೆಚ್ಚಿನದೆಂದರೆ ಶುಲ್ಕ. ಆರು ಕಡೆಯ ಅರ್ಜಿಯ ಹಣ, ಪರೀಕ್ಷೆಯ ಹಣ, ಅಂಕ ಕಳಿಸುವ ಹಣ ಎಲ್ಲ ಸೇರಿ ಐವತ್ತು ಸಾವಿರ ರೂಪಾಯಿ ದಾಟಿತು. ‘ಇದರಲ್ಲಿ ಒಂದು ಸೈಟಿಗೆ ಅಡ್ವಾನ್ಸ್ ಕೊಡಬಹುದಿತ್ತು’ ಎಂದು ಭಾವ ನಿಟ್ಟುಸಿರು ಬಿಟ್ಟರು. ಬೆಂಗಳೂರಿನಲ್ಲಿ ಐವತ್ತು ಸಾವಿರಕ್ಕೆ ಸೈಟು ತೋರಿಸುವ ಪುಣ್ಯಾತ್ಮರು ಯಾರೆಂದು ನಾನು ಕೇಳಲಿಲ್ಲ. ಬ್ಯಾಂಕಿನಿಂದ ನಿವೃತ್ತರಾದವರ ಜೊತೆ ಲೆಕ್ಕದ ವಿಚಾರ ಮಾತಾಡಬಾರದು.

ಡಿಸೆಂಬರಿನಲ್ಲಿ ಅಮೆರಿಕದ ಅರ್ಜಿಗಳು ಹೋದವು. 2024ರ ಫೆಬ್ರವರಿಯಿಂದ ಉತ್ತರಗಳು ಬರತೊಡಗಿದವು. ಅಮೆರಿಕದವರಿಗೆ ಹಗಲಾದರೆ ನಮಗೆ ರಾತ್ರಿ. ಹಾಗಾಗಿ ಭವಿಷ್ಯವೆಲ್ಲ ನಡುರಾತ್ರಿಯ ಮೇಲೆಯೇ ಬರುವುದು. ಮಾರ್ಚಿ ಹತ್ತರ ಹೊತ್ತಿಗೆ ಪರಿಸ್ಥಿತಿ ಹೀಗಿತ್ತು. ಎರಡು ಕಡೆ ‘ಇಲ್ಲ’ ಎಂದರು. ಎರಡು ಕಡೆ ‘ಬಾ’ ಎಂದರು. ಎಲ್ಲಕ್ಕಿಂತ ಹೆಸರಾದ ಒಂದು ಕಡೆಯವರು ‘ಕಾಯುವವರ ಪಟ್ಟಿಯಲ್ಲಿಟ್ಟಿದ್ದೇವೆ’ ಎಂದರು. ಇನ್ನೊಂದು ಕಡೆಯವರು ಏನೂ ಅನ್ನಲಿಲ್ಲ. ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಸಂದರ್ಶನ ನಡೆಯುವುದೇ ಮೇ ತಿಂಗಳಲ್ಲಿ.

ಮನೆಯಲ್ಲಿ ಸಭೆ ಸೇರಿತು. ಹೆಣ್ಣಿಗೆ ಗಂಡು ಹುಡುಕುವಾಗ ಯಾವ ಯಾವ ಮಾತು ಬರುತ್ತದೆಯೋ ಅವೆಲ್ಲ ಬಂದವು. ‘ಬಾ’ ಎಂದವರಲ್ಲಿ ಒಂದು ಪಶ್ಚಿಮ ಕರಾವಳಿಯ ದೊಡ್ಡ ಪಟ್ಟಣದಲ್ಲಿ. ಹೆಸರು ಹೇಳಿದರೆ ಪಕ್ಕದ ಮನೆಯವರು ಹುಬ್ಬೇರಿಸುತ್ತಾರೆ. ಇನ್ನೊಂದು ನಡುನಾಡಿನಲ್ಲಿ, ಜೋಳದ ಹೊಲಗಳ ಮಧ್ಯೆ. ಹೆಸರು ಹೇಳಿದರೆ ‘ಅದೆಲ್ಲಿದೆ?’ ಎಂದು ಕೇಳುತ್ತಾರೆ. ಭಾವ ಕನ್ನಡಕ ಏರಿಸಿ ಲೆಕ್ಕ ಹಾಕಿದರು. ಕರಾವಳಿಯವರು ತಿಂಗಳಿಗೆ ಮೂರು ಸಾವಿರ ಡಾಲರು ಕೊಡುತ್ತಾರೆ. ಜೋಳದವರು ಎರಡು ಸಾವಿರದ ಮುನ್ನೂರು ಚಿಲ್ಲರೆ. “ಇದರಲ್ಲಿ ಯೋಚನೆ ಮಾಡೋದೇನಿದೆ?” ಎಂದರು.

ಯೋಚನೆ ಮಾಡುವುದು ಬಹಳ ಇತ್ತೆಂಬುದು ಪುಟ್ಟಿಯ ನೋಟುಪುಸ್ತಕ ನೋಡಿದ ಮೇಲೆ ತಿಳಿಯಿತು. ಮೂರು ಸಾವಿರ ಬರುವುದು ವರ್ಷಕ್ಕೆ ಒಂಬತ್ತೇ ತಿಂಗಳು. ಬೇಸಗೆಯ ಮೂರು ತಿಂಗಳು ತಾನೇ ಏನಾದರೂ ಹುಡುಕಿಕೊಳ್ಳಬೇಕು. ಜೋಳದವರು ಹನ್ನೆರಡು ತಿಂಗಳೂ ಕೊಡುತ್ತಾರೆ, ಐದು ವರ್ಷಕ್ಕೆ ಬರೆದು ಕೊಟ್ಟಿದ್ದಾರೆ. ಎರಡು ಕಡೆಯೂ ಕಲಿಕೆಯ ಶುಲ್ಕ ಮನ್ನಾ. ಪ್ರತಿಯಾಗಿ ಅಲ್ಲಿಯ ಪದವಿ ತರಗತಿಯ ಮಕ್ಕಳಿಗೆ ಪ್ರಯೋಗದ ಪಾಠ ಹೇಳಬೇಕು. ಆದರೆ ಇನ್ನೊಬ್ಬರ ಜೊತೆ ಹಂಚಿಕೊಂಡರೂ ಬಾಡಿಗೆ ಕರಾವಳಿಯಲ್ಲಿ ಸಾವಿರದ ನಾನೂರು, ಜೋಳದೂರಿನಲ್ಲಿ ಆರುನೂರು. ಭಾವ ಆ ಪುಟವನ್ನು ಎರಡು ಸಲ ಓದಿ ಕನ್ನಡಕ ತೆಗೆದಿಟ್ಟರು.

ಹಣ ಬಂದದ್ದು ಮೊದಲ ಪುಟದಲ್ಲಿ ಮಾತ್ರ. ಮುಂದಿನ ಪುಟಗಳಲ್ಲಿ ಅವಳು ಬರೆದುಕೊಂಡಿದ್ದ ಪ್ರಶ್ನೆಗಳನ್ನು ಕಂಡು ನನಗೆ ನಾಚಿಕೆಯಾಯಿತು, ನಾನು ಎಂ.ಎ. ಸೇರುವಾಗ ಹಾಸ್ಟೆಲಿನ ಊಟ ಹೇಗೆ ಎಂಬುದೊಂದನ್ನು ಬಿಟ್ಟು ಬೇರೇನೂ ಕೇಳಿರಲಿಲ್ಲ. ಈ ಗುರುಗಳ ಬಳಿ ಶಿಷ್ಯರು ಎಷ್ಟು ವರ್ಷಕ್ಕೆ ಮುಗಿಸುತ್ತಾರೆ? ಮುಗಿಸಿದವರು ಈಗ ಎಲ್ಲಿದ್ದಾರೆ? ನಡುವೆ ಬಿಟ್ಟುಹೋದವರು ಎಷ್ಟು ಜನ, ಏಕೆ? ಗುರುಗಳು ವಾರಕ್ಕೊಮ್ಮೆಯಾದರೂ ಸಿಗುತ್ತಾರೆಯೇ? ಬೇರೆ ಊರಿಗೆ ಹೋಗುವ, ನಿವೃತ್ತರಾಗುವ ಸಂಭವವಿದೆಯೇ? ಇವನ್ನೆಲ್ಲ ಗುರುಗಳನ್ನೇ ಕೇಳಿದರೆ ಒಳ್ಳೆಯ ಉತ್ತರವೇ ಬರುತ್ತದೆ. ಆದ್ದರಿಂದ ಅವರ ಶಿಷ್ಯರನ್ನು ಕೇಳಬೇಕು. ಅದೂ ಬರೆದು ಕೇಳಬಾರದು, ಬಾಯಲ್ಲಿ ಕೇಳಬೇಕು.

ಒಂದು ರಾತ್ರಿ ಎಂಟೂವರೆಗೆ, ಎಂದರೆ ಕ್ಯಾಲಿಫೋರ್ನಿಯದ ಬೆಳಗಿನ ಎಂಟಕ್ಕೆ, ಅವಳು ಕರಾವಳಿಯ ಒಬ್ಬ ವಿದ್ಯಾರ್ಥಿನಿಯ ಹತ್ತಿರ ಮಾತಾಡುವಾಗ ನಾನೂ ಅಲ್ಲಿದ್ದೆ. ‘ನಿಮ್ಮ ಗುರುಗಳು ಹೇಗೆ?’ ಎಂದು ಇವಳು ಕೇಳಿದಳು. ಅತ್ತ ಕಡೆ ಎರಡು ಕ್ಷಣ ಮಾತಿಲ್ಲ. ಆಮೇಲೆ, ‘ಅವರು ತುಂಬ ಪ್ರಸಿದ್ಧರು’ ಎಂದಿತು ಆ ದನಿ. ನನಗೆ ಇಂಗ್ಲಿಷು ಅಷ್ಟಕ್ಕಷ್ಟೇ. ಆದರೆ ಆ ಎರಡು ಕ್ಷಣದ ಮೌನ ಯಾವ ಭಾಷೆಯಲ್ಲಿದ್ದರೂ ಅರ್ಥವಾಗುವಂಥದು. ಜೋಳದೂರಿನ ಹುಡುಗನಂತೂ ಮುಕ್ಕಾಲು ಗಂಟೆ ಬಿಡದೆ ಮಾತಾಡಿದ. ತನ್ನ ಗುರುಗಳ ಮೇಲೆ ಎರಡು ದೂರು ಕೂಡ ಹೇಳಿದ. ದೂರು ಹೇಳುವಷ್ಟು ಸಲಿಗೆ ಇದೆಯಲ್ಲ, ಅದೇ ಅವಳಿಗೆ ಹಿಡಿಸಿತು. ಅವತ್ತೇ ಪುಟ್ಟಿಯ ಮನಸ್ಸಿನಿಂದ ಕರಾವಳಿ ದೂರವಾಯಿತೆಂದು ಕಾಣುತ್ತದೆ.

ಇನ್ನು ಮಾತಾಡದವರನ್ನು ಮಾತಾಡಿಸುವ ಕೆಲಸ. ಇದಕ್ಕೆ ನನ್ನನ್ನು ಕರೆದರು. ಕನ್ನಡ ಮೇಷ್ಟ್ರನ್ನು ಜನ ನೆನೆಯುವುದು ಲಗ್ನಪತ್ರಿಕೆಗೆ, ಬಿನ್ನವತ್ತಳೆಗೆ, ಸಮಾಧಿಯ ಮೇಲಿನ ಬರಹಕ್ಕೆ. ಇಂಗ್ಲಿಷ್ ಕಾಗದಕ್ಕೆ ಕರೆದದ್ದು ಇದೇ ಮೊದಲು. (ಅವಳು ಅದನ್ನು ಇ-ಮೇಲ್ ಎನ್ನುತ್ತಾಳೆ; ನನ್ನ ಮಟ್ಟಿಗೆ ಬರೆದು ಕಳಿಸುವುದೆಲ್ಲ ಕಾಗದವೇ.) ನಾನು ಒಂದು ಸಂಜೆ ಕೂತು, ಆ ವಿದ್ಯಾಸಂಸ್ಥೆಯ ಕೀರ್ತಿಯನ್ನೂ ನಮ್ಮ ಕಾತರವನ್ನೂ ವರ್ಣಿಸಿ ಒಂದೂವರೆ ಪುಟ ಬರೆದೆ. ಪುಟ್ಟಿ ಓದಿ, “ಮಾಮ, ಇದು ಬಿನ್ನವತ್ತಳೆ” ಎಂದಳು. ಕೊನೆಗೆ ಹೋದದ್ದು ನಾಲ್ಕು ಸಾಲು: ನಾನು ಇಂಥವಳು, ಇಂಥ ದಿನ ಅರ್ಜಿ ಹಾಕಿದ್ದೇನೆ, ಬೇರೆ ಕಡೆಯಿಂದ ಕರೆ ಬಂದಿದೆ, ಏಪ್ರಿಲ್ 15ರೊಳಗೆ ಅವರಿಗೆ ಉತ್ತರ ಕೊಡಬೇಕು, ನಿಮ್ಮ ತೀರ್ಮಾನ ಯಾವಾಗ ಆಗಬಹುದೆಂದು ತಿಳಿಸಿದರೆ ಉಪಕಾರ. ಕಾಯುವ ಪಟ್ಟಿಯವರಿಗೂ ಅಂಥದೇ ಒಂದು. ಅದರಲ್ಲಿ, “ನಿಮ್ಮಲ್ಲಿ ಸ್ಥಾನ ಸಿಕ್ಕರೆ ಖಂಡಿತ ಬರುತ್ತೇನೆ ಎಂದು ಸೇರಿಸು, ಅವರಿಗೆ ಸಂತೋಷವಾಗುತ್ತದೆ” ಎಂದೆ. “ಖಂಡಿತ ಬರ್ತೀನೋ ಇಲ್ವೋ ನನಗೇ ಗೊತ್ತಿಲ್ಲ ಮಾಮ, ಹೇಗೆ ಬರೀಲಿ?” ಎಂದಳು. ‘ಈಗಲೂ ಆಸಕ್ತಿ ಇದೆ’ ಎಂದಷ್ಟೇ ಬರೆದಳು.

ಈ ಏಪ್ರಿಲ್ 15ರ ವಿಚಾರ ಸ್ವಲ್ಪ ಹೇಳಬೇಕು. ಅಮೆರಿಕದಲ್ಲಿ ಕೌನ್ಸಿಲ್ ಆಫ್ ಗ್ರಾಜುಯೇಟ್ ಸ್ಕೂಲ್ಸ್ ಎಂಬ ಮಂಡಳಿ ಇದೆ. ನೂರಾರು ವಿಶ್ವವಿದ್ಯಾನಿಲಯಗಳು ಅದರ ಒಂದು ನಿರ್ಣಯಕ್ಕೆ ಒಪ್ಪಿ ಸಹಿ ಹಾಕಿವೆ. ವೇತನ ಕೊಟ್ಟು ಕರೆದ ವಿದ್ಯಾರ್ಥಿಯನ್ನು ಏಪ್ರಿಲ್ 15ಕ್ಕೆ ಮುಂಚೆ ‘ಬರುತ್ತೀಯೋ ಇಲ್ಲವೋ ಹೇಳು’ ಎಂದು ಬಲವಂತ ಮಾಡಬಾರದೆಂಬುದು ಅದರ ಸಾರ. ಗಾಬರಿಯಲ್ಲಿ ಯಾರೂ ತಪ್ಪು ಕಡೆ ತಲೆ ಕೊಡದಿರಲಿ, ಎಲ್ಲ ಕರೆಗಳನ್ನೂ ಎದುರಿಗಿಟ್ಟುಕೊಂಡು ಯೋಚಿಸಲಿ ಎಂಬ ಸದುದ್ದೇಶ. ಆದರೆ ಇದಕ್ಕೊಂದು ಬೆನ್ನಿನ ಕಡೆಯೂ ಇದೆ. ಒಬ್ಬಳ ಕೈಯಲ್ಲಿ ಎರಡು ಕರೆ ಇದ್ದರೆ, ಒಂದು ಕರೆ ಸುಮ್ಮನೆ ಇರುತ್ತದೆ. ಅವಳು ‘ಒಲ್ಲೆ’ ಎನ್ನುವತನಕ ವಿಭಾಗದವರು ಆ ಜಾಗಕ್ಕೆ ಇನ್ನೊಬ್ಬರನ್ನು ಕರೆಯಲು ಹಿಂದೆಮುಂದೆ ನೋಡುತ್ತಾರೆ. ಎಲ್ಲರೂ ಕೊನೆಯ ದಿನದವರೆಗೆ ಹಿಡಿದುಕೊಂಡರೆ, ಕಾಯುವ ಪಟ್ಟಿಯವರಿಗೆಲ್ಲ ಏಪ್ರಿಲ್ 15ರ ಒಂದೇ ರಾತ್ರಿ ಬೆಳಕಾಗಬೇಕು. ಪುಟ್ಟಿಯ ಒಂದು ಕಾಲು ‘ಬಾ’ ಎಂದವರ ಕಡೆ, ಇನ್ನೊಂದು ಕಾಲು ‘ಕಾಯಿ’ ಎಂದವರ ಕಡೆ. ಆದ್ದರಿಂದ ಅವಳಿಗೆ ಇದು ಎರಡೂ ಬದಿಯಿಂದ ಕಾಣುತ್ತಿತ್ತು.

ಮಾರ್ಚಿ ಇಪ್ಪತ್ತರ ಹೊತ್ತಿಗೆ ಅವಳು, “ಕರಾವಳಿಯವರಿಗೆ ಆಗೋದಿಲ್ಲ ಅಂತ ಬರೆದುಬಿಡ್ತೀನಿ” ಎಂದಳು. ಭಾವ ಬೆಚ್ಚಿಬಿದ್ದರು. “ಹದಿನೈದನೇ ತಾರೀಕಿನವರೆಗೆ ಟೈಮಿದೆಯಲ್ಲ! ಕೈಯಲ್ಲಿರಲಿ ಬಿಡು. ಇದ್ದರೆ ಏನು ಗಂಟು ಹೋಗುತ್ತೆ? ನಾಳೆ ಆ ಜೋಳದವರು ಏನಾದರೂ ಅಂದರೆ?” ಎಂದರು. ಅಕ್ಕ ನನ್ನ ಮುಖ ನೋಡಿದಳು. ನಾನು ಮನೆಯ ಹಿರಿಯ ವಿದ್ಯಾವಂತ. “ಭಾವ ಹೇಳೋದೂ ಸರಿಯೇ ಪುಟ್ಟಿ, ಅವಸರ ಏನು?” ಎಂದೆ. ಅವಳು ಏನೂ ಅನ್ನದೆ ಎದ್ದು ಹೋದಳು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

2002ರಲ್ಲಿ ನಾನು ಬಿ.ಎ. ಮುಗಿಸಿದೆ. ಹಾಸನ ಜಿಲ್ಲೆಯ ಒಂದು ಸಣ್ಣ ಊರಿನ ಕಾಲೇಜು. ನನ್ನ ಬೆಂಚಿನಲ್ಲೇ ಕೂರುತ್ತಿದ್ದ ಗೆಳೆಯನೊಬ್ಬನಿದ್ದ. ಕುಮಾರವ್ಯಾಸನನ್ನು ಅವನು ರಾಗವಾಗಿ ಓದಿದರೆ ಕಾಲೇಜಿನ ಜವಾನರೂ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. ಹಳಗನ್ನಡದಲ್ಲಿ ನಾನು ಅವನ ಕಾಲ ಧೂಳಿಗೂ ಸಮನಲ್ಲ. ಪರೀಕ್ಷೆಯಲ್ಲಿ ಮಾತ್ರ ನನಗೆ ನಾಲ್ಕು ಅಂಕ ಹೆಚ್ಚು ಬಂತು. ಇಬ್ಬರೂ ಕನ್ನಡ ಎಂ.ಎ.ಗೆ ಅರ್ಜಿ ಹಾಕಿದೆವು. ನಾನು ಎರಡು ವಿಶ್ವವಿದ್ಯಾನಿಲಯಗಳಿಗೆ, ಅವನು ಒಂದಕ್ಕೆ. ಎರಡನೆಯದಕ್ಕೆ ಅವನ ಹತ್ತಿರ ಹಣವಿರಲಿಲ್ಲ. ಇಬ್ಬರಿಗೂ ಸಮಾನವಾದ ಆ ಒಂದರಲ್ಲಿ ನನ್ನ ಹೆಸರು ಆಯ್ಕೆಯ ಪಟ್ಟಿಯಲ್ಲಿತ್ತು, ಅವನದು ಕಾಯುವ ಪಟ್ಟಿಯಲ್ಲಿ ಮೊದಲನೆಯದು. ನಾನು ಡಿ.ಡಿ. ಕಳಿಸಿ ಸೀಟು ಭದ್ರ ಮಾಡಿಕೊಂಡೆ. ಮೂಲ ದಾಖಲೆಗಳನ್ನು ತರಗತಿ ಶುರುವಾಗುವ ದಿನ ಕೊಟ್ಟರೆ ಸಾಕಾಗಿತ್ತು. ಎಂಟು ದಿನಕ್ಕೆ ಎರಡನೆಯ ವಿಶ್ವವಿದ್ಯಾನಿಲಯದಿಂದಲೂ ಕಾಗದ ಬಂತು. ನನಗೆ ಅಲ್ಲಿಗೇ ಹೋಗಬೇಕೆಂದಿತ್ತು.

ನಾನು ಹೊರಟ ದಿನ ಗೆಳೆಯ ಬಸ್ ಸ್ಟ್ಯಾಂಡಿಗೆ ಬಂದಿದ್ದ. ಬಸ್ಸು ತುಂಬಿತ್ತು. ನನ್ನ ಕೈಯಲ್ಲಿ ಟ್ರಂಕು ಇದ್ದದ್ದರಿಂದ ತನ್ನ ಹೆಗಲ ಮೇಲಿನ ಟವಲನ್ನು ಅವನೇ ಕಿಟಕಿಯಿಂದ ಹಾಕಿ ನನಗೆ ಸೀಟು ಹಿಡಿದುಕೊಟ್ಟ. ಬಸ್ಸು ಹೊರಡುವಾಗ, “ಅಲ್ಲಿಗೆ ಬರೆದು ಹಾಕಿದೆಯೇನೋ, ಸೇರೋದಿಲ್ಲ ಅಂತ?” ಎಂದು ಕೇಳಿದ. “ಹ್ಞೂ ಕಣೋ, ಇವತ್ತೇ ಹಾಕ್ತೀನಿ” ಎಂದೆ.

ಹಾಕಲಿಲ್ಲ. ಕಾರಣ ಕೇಳಿದರೆ ಹೇಳಲು ನಾಚಿಕೆ. ಮೊದಲ ವಾರ, ಇಲ್ಲಿ ಹಾಸ್ಟೆಲು ಸಿಗದಿದ್ದರೆ ಅದಾದರೂ ಇರಲಿ ಎಂದುಕೊಂಡೆ. ಎರಡನೆಯ ವಾರ, ಕಟ್ಟಿದ ಹಣ ವಾಪಸು ಬರುವ ಉಪಾಯವಿದೆಯೇ ಎಂದು ಯೋಚಿಸಿದೆ. ಮೂರನೆಯ ವಾರ ಕಾರಣವೇ ಇರಲಿಲ್ಲ; ಬರೀ ಸೋಮಾರಿತನ. ಒಂದು ಅಂಚೆ ಕಾರ್ಡಿನ ಕೆಲಸ. ಆಮೇಲೆ ಮರೆತೇಬಿಟ್ಟೆ. ಆ ವರ್ಷ ಗೆಳೆಯ ತಿಪಟೂರಿನ ಕೊಬ್ಬರಿ ಮಂಡಿಯೊಂದರಲ್ಲಿ ಲೆಕ್ಕ ಬರೆಯಲು ಕೂತನೆಂದು ಕೇಳಿದೆ. ಮುಂದಿನ ವರ್ಷ ಓದುತ್ತಾನೆ ಎಂದರು. ಅವನ ತಂದೆ ತೀರಿಕೊಂಡರು, ತಂಗಿಯ ಮದುವೆ ಬಂತು. ಮುಂದಿನ ವರ್ಷ ಬರಲಿಲ್ಲ.

2011ರಲ್ಲಿ ತಿಪಟೂರಿನಲ್ಲೇ ಒಂದು ಮದುವೆಯಲ್ಲಿ ಸಿಕ್ಕಿದ. ಪಕ್ಕದ ಎಲೆಗೇ ಕೂತ. ಹಳೆಯ ಕಾಲೇಜಿನ ಮಾತು ಬಂತು. ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತ, “ಆ ವರ್ಷ ಯಾರೋ ಒಬ್ಬ ಸೇರಲೂ ಇಲ್ಲ, ಬಿಡಲೂ ಇಲ್ಲವಂತೆ ಕಣೋ. ಕಡೇ ತಾರೀಕು ದಾಟಿ ಸೀಟು ಹಾಗೇ ಖಾಲಿ ಹೋಯಿತಂತೆ. ಆಫೀಸಿನಲ್ಲಿ ಹೇಳಿದರು” ಎಂದ. ಆ ಮಾತು ಆಡುವಾಗ ಅವನು ನನ್ನ ಮುಖ ನೋಡಲಿಲ್ಲ. ‘ಯಾರೋ ಒಬ್ಬ’ ಎಂದು ತಿಳಿಯದೆ ಅಂದನೋ, ತಿಳಿದೂ ನನ್ನ ಮಾನ ಉಳಿಸಿದನೋ, ಇವತ್ತಿಗೂ ನನಗೆ ಗೊತ್ತಿಲ್ಲ. ನಾನು ತಲೆ ಬಗ್ಗಿಸಿ ಹೋಳಿಗೆ ತಿಂದೆ.

ಮಾರನೆಯ ಬೆಳಿಗ್ಗೆ ಕಾಲೇಜಿಗೆ ಹೋಗುವ ಮುಂಚೆ ಮಲ್ಲೇಶ್ವರಕ್ಕೆ ಹೋದೆ. ಅಡುಗೆಮನೆಯಲ್ಲಿ ಕಾಫಿ ಕುಡಿಯುತ್ತ ಅಕ್ಕ, ಭಾವ, ಪುಟ್ಟಿ ಮೂವರಿಗೂ ಈ ಕಥೆ ಹೇಳಿದೆ. ಅಕ್ಕನಿಗೂ ಹೇಳಿದ್ದು ಅದೇ ಮೊದಲು. ಮುಗಿದ ಮೇಲೆ ಯಾರೂ ಮಾತಾಡಲಿಲ್ಲ. ಭಾವ ಮಾತ್ರ, “ಅಲ್ಲಿ ಕಾಯ್ತಿರೋನು ಯಾರೋ ಏನೋ” ಎಂದು ತಮಗೆ ತಾವೇ ಹೇಳಿಕೊಂಡರು. ಪುಟ್ಟಿ ನೋಟುಪುಸ್ತಕ ತಂದು, “ಮಾಮ, ನೀವೇ ಬರೀರಿ. ನಾಲ್ಕೇ ಸಾಲು” ಎಂದಳು. ಬರೆದೆ. ಕರೆದದ್ದಕ್ಕೆ ಕೃತಜ್ಞತೆ, ಬೇರೆ ಕಡೆ ಹೋಗಲು ತೀರ್ಮಾನಿಸಿದ್ದೇನೆ, ಈ ಸ್ಥಾನ ಇನ್ನೊಬ್ಬರಿಗೆ ಉಪಯೋಗವಾಗಲೆಂದು ಕೂಡಲೇ ತಿಳಿಸುತ್ತಿದ್ದೇನೆ, ನೀವು ನನಗಾಗಿ ಕೊಟ್ಟ ಸಮಯಕ್ಕೆ ವಂದನೆಗಳು. ಇಪ್ಪತ್ತೆರಡು ವರ್ಷ ತಡವಾಗಿ ಬರೆದ ಕಾಗದ; ವಿಳಾಸ ಮಾತ್ರ ಬೇರೆ. ಆ ಪ್ರಸಿದ್ಧ ಗುರುಗಳಿಂದ ಅದೇ ರಾತ್ರಿ ಉತ್ತರ ಬಂತು. ಬೇಗ ತಿಳಿಸಿದ್ದು ಒಳ್ಳೆಯದಾಯಿತು, ಶುಭವಾಗಲಿ ಎಂದಿದ್ದರು. ನಾವು ಅಂಜಿದಂತೆ ಕೋಪವೂ ಇಲ್ಲ, ಬೇಸರವೂ ಇಲ್ಲ. ‘ಒಲ್ಲೆ’ ಎನ್ನುವುದು ಅವಮಾನವೆಂದು ನಾವೇ ಎಣಿಸಿಕೊಂಡಿರುತ್ತೇವೆ. ಕಾಯಿಸುವುದೇ ಹೆಚ್ಚಿನ ಅವಮಾನ.

ಏಪ್ರಿಲ್ ಎಂಟಕ್ಕೆ ಮೌನದವರು ಬಾಯಿ ಬಿಟ್ಟರು: ‘ಇಲ್ಲ’. ಕಾಯುವ ಪಟ್ಟಿಯವರು, ‘ಹದಿನೈದರ ರಾತ್ರಿಯವರೆಗೆ ಏನೂ ಹೇಳಲಾರೆವು’ ಎಂದರು. ಹನ್ನೆರಡನೆಯ ತಾರೀಕು ಪುಟ್ಟಿ ಜೋಳದೂರಿಗೆ ‘ಬರುತ್ತೇನೆ’ ಎಂದು ಬರೆದಳು. ಅರ್ಧ ಗಂಟೆಯಲ್ಲೇ ಪಟ್ಟಿಯವರಿಗೆ ‘ನನ್ನ ಹೆಸರು ತೆಗೆದುಬಿಡಿ’ ಎಂದೂ ಬರೆದಳು. ‘ಮೂರು ದಿನ ನೋಡಬಹುದಿತ್ತು’ ಎಂಬ ಮಾತು ನನ್ನ ನಾಲಗೆಯ ತುದಿಯವರೆಗೆ ಬಂದಿತ್ತು, ನುಂಗಿಕೊಂಡೆ. ಹೆಸರು ದೊಡ್ಡದೆಂಬ ಒಂದೇ ಕಾರಣಕ್ಕೆ ಕಾಯುವುದಾಗಿದ್ದರೆ, ಆ ನೋಟುಪುಸ್ತಕ ಬರೆದದ್ದೇ ವ್ಯರ್ಥವಾಗುತ್ತಿತ್ತು.

ಉಳಿದದ್ದು ಅಕ್ಕನ ತುಪ್ಪದ ದೀಪ. ಮೇ ತಿಂಗಳಲ್ಲಿ ಟಾಟಾ ಇನ್‌ಸ್ಟಿಟ್ಯೂಟಿನಿಂದ ಸಂದರ್ಶನಕ್ಕೆ ಕರೆ ಬಂತು. ಈಗ ಧರ್ಮಸಂಕಟ ನನ್ನದಾಯಿತು. “ಅಲ್ಲಿ ಒಪ್ಪಿಕೊಂಡ ಮೇಲೆ ಇಲ್ಲಿಗೆ ಹೋಗೋದು ಟವಲು ಹಾಕಿದ ಹಾಗಲ್ಲವೇನೇ?” ಎಂದೆ. ಪುಟ್ಟಿ ಇದನ್ನೂ ಯೋಚಿಸಿದ್ದಳು. “ವೀಸಾ ಇನ್ನೂ ಆಗಿಲ್ಲ ಮಾಮ. ಅವರು ಕೊಡದೇ ಇದ್ದರೆ ನನಗೆ ಒಂದು ವರ್ಷ ಹೋಗುತ್ತೆ. ಅರ್ಜಿ ಅಂದರೆ ಕೇಳೋದು. ಸೀಟು ಅಂದರೆ ಹಿಡಿಯೋದು. ಕೇಳೋದರಿಂದ ಯಾರ ಜಾಗವೂ ಹೋಗೋದಿಲ್ಲ. ಅವರು ಕೊಟ್ಟರೆ, ವೀಸಾ ಬಂದ ದಿನವೇ ಬರೆದುಬಿಡ್ತೀನಿ” ಎಂದಳು. ಈ ಗೆರೆ ಪೂರ್ತಿ ನೆಟ್ಟಗಿದೆಯೆಂದು ನನಗೆ ಇವತ್ತಿಗೂ ಅನಿಸುವುದಿಲ್ಲ. ಆ ಸಂದರ್ಶನದ ಅರ್ಧ ಗಂಟೆ ಯಾರದೋ ಆಗಬಹುದಿತ್ತು. ಆದರೆ ಬಡವರ ಮನೆಯ ಮಕ್ಕಳಿಗೆ, ದೂರದ ಕಾನ್ಸುಲೇಟಿನ ಕಿಟಕಿಯೊಳಗಿನ ಒಬ್ಬರ ಮಾತಿನ ಮೇಲೆ ಬದುಕು ನಿಂತಿರುವವರಿಗೆ, ಎಲ್ಲ ದೋಣಿಗಳನ್ನೂ ಸುಟ್ಟು ಬಾ ಎಂದು ಹೇಳುವ ಹಕ್ಕು ನನಗಿಲ್ಲ.

ಸೆವಿಸ್ ಎಂಬುದಕ್ಕೆ 350 ಡಾಲರು, ವೀಸಾ ಅರ್ಜಿಗೆ 185 ಡಾಲರು ಕಟ್ಟಿ, ಜೂನಿನಲ್ಲಿ ಭಾವ ಮಗಳನ್ನು ಚೆನ್ನೈಗೆ ಕರೆದುಕೊಂಡು ಹೋದರು. ಒಳಗೆ ಮೂರೇ ನಿಮಿಷ ಮಾತಾಡಿಸಿದರಂತೆ. ಹೊರಗೆ ಬಿಸಿಲಲ್ಲಿ ಭಾವ ನಿಂತದ್ದು ಮೂರು ಗಂಟೆ. ವೀಸಾ ಆಯಿತು. ಅವರು ಬೆಂಗಳೂರಿಗೆ ಬರುವಷ್ಟರಲ್ಲಿ ಟಾಟಾ ಇನ್‌ಸ್ಟಿಟ್ಯೂಟಿನ ಫಲಿತಾಂಶವೂ ಬಂದಿತ್ತು. ಪುಟ್ಟಿಯ ಹೆಸರು ಇತ್ತು. ತಿಂಗಳಿಗೆ 37,000 ರೂಪಾಯಿ ವೇತನ, ನಡೆದರೆ ಕಾಲು ಗಂಟೆಯ ದಾರಿ, ಮಧ್ಯಾಹ್ನ ಮನೆಯ ಊಟ.

ಆ ಸಂಜೆ ನಾನು ಹೋದಾಗ ಅಕ್ಕ ದೇವರ ಮುಂದೆ ಕೂತಿದ್ದಳು. ದೀಪ ಹಚ್ಚಿದ್ದಳು. ಪುಟ್ಟಿ ಒಳಗೆ ಬಂದು ಅಮ್ಮನ ಪಕ್ಕ ಸುಮ್ಮನೆ ನಿಂತಳು. ಕೈಯಲ್ಲಿ ಫೋನಿತ್ತು, ನಾಲ್ಕು ಸಾಲು ಬರೆದಿಟ್ಟುಕೊಂಡಿದ್ದಳೆಂದು ತೋರುತ್ತದೆ. ಯಾರು ಮೊದಲು ಮಾತಾಡಬೇಕೆಂದು ತಿಳಿಯದೆ ನಾನೂ ಭಾವನೂ ಬಾಗಿಲಲ್ಲಿ ನಿಂತಿದ್ದೆವು. ಅಕ್ಕ ತಿರುಗಿ ನೋಡದೆಯೇ, “ಬೇಗ ಕಳಿಸಿಬಿಡು ಪುಟ್ಟಿ. ಯಾರ ಮಗಳೋ ಕಾಯ್ತಿರ್ತಾಳೆ” ಎಂದಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು ದೀಪದ ಬತ್ತಿಯನ್ನು ಸ್ವಲ್ಪ ಮುಂದಕ್ಕೆ ಎಳೆದಳು.

ಪುಟ್ಟಿ ಈಗ ಜೋಳದೂರಿನಲ್ಲಿ ದುಂಬಿ ಎಣಿಸುತ್ತಿದ್ದಾಳೆ. ಗುರುಗಳ ಮೇಲೆ ಅವಳಿಗೂ ಎರಡು ದೂರುಗಳಿವೆ. ಫೋನು ಮಾಡಿದಾಗ ಹೇಳುತ್ತಾಳೆ. ಹದಿನೆಂಟನೆಯ ಕ್ರಾಸಿನಿಂದ ಆ ಸೀಟಿಗೆ ಬೇರೆ ಯಾರು ಹೋದರೋ ನಮಗೆ ತಿಳಿಯದು. ತಿಳಿಯುವ ಅಗತ್ಯವೂ ಇಲ್ಲ.

ನನ್ನ ಕಾಗದವೊಂದು ಮಾತ್ರ ಇನ್ನೂ ಬಾಕಿ ಇತ್ತು. ತಿಪಟೂರಿನ ಆ ಗೆಳೆಯನಿಗೆ ಬರೆಯಬೇಕೆಂದು ಎಷ್ಟೋ ಸಲ ಕೂತೆ; ನಾಲ್ಕು ಸಾಲಿನಲ್ಲಿ ಮುಗಿಯಲಿಲ್ಲ. ಮಂಡಿಯಲ್ಲಿ ಅವನು ಈ ಪತ್ರಿಕೆ ತರಿಸುತ್ತಾನೆಂದು ನನಗೆ ಗೊತ್ತು. ವಾರದ ಪುರವಣಿಯನ್ನು ಲೆಕ್ಕದ ಪುಸ್ತಕದ ಕೆಳಗಿಟ್ಟುಕೊಂಡು, ಗಿರಾಕಿಗಳು ಇಲ್ಲದ ಹೊತ್ತಿನಲ್ಲಿ ಒಂದಕ್ಷರ ಬಿಡದೆ ಓದುತ್ತಾನಂತೆ. ಆದ್ದರಿಂದ ಇಲ್ಲಿಯೇ ಬರೆದಿದ್ದೇನೆ. ಆ ‘ಯಾರೋ ಒಬ್ಬ’ ನಾನೇ ಕಣಯ್ಯಾ.